ಸೋಮಾರಿ ಅನ್ನುವ ಮುಂಚೆ ಒಂದು ನಿಮಿಷ

ಕೈಯಲ್ಲಿ ದುಡ್ಡಿದೆ, ಫೋನಿನಲ್ಲಿ ಎರಡು ನಿಮಿಷದ ಕೆಲಸ, ಆದರೂ ಪ್ರತಿ ತಿಂಗಳು ಕರೆಂಟ್ ಬಿಲ್ಲಿಗೆ ದಂಡ ಕಟ್ಟುತ್ತೀರಾ? ಬೀಗದ ಕೈ ಹುಡುಕುವುದರಲ್ಲೇ ಲೋಕಲ್ ಟ್ರೇನ್ ತಪ್ಪುತ್ತದೆಯೇ? ಆಫೀಸಿನ ರಿಪೋರ್ಟ್ ಹದಿನೈದು ದಿನ ಮುಟ್ಟದೆ, ಕೊನೆಯ ರಾತ್ರಿ ಕುಳಿತು ಬೆಳಗಿನ ಜಾವ ಮುಗಿಸುತ್ತೀರಾ? ಒಮ್ಮೊಮ್ಮೆ ಎಲ್ಲರಿಗೂ ಆಗುವುದೇ ಇದು. ಆದರೆ ಚಿಕ್ಕಂದಿನಿಂದಲೂ ಹೀಗೇ ಇದ್ದು, ಕೆಲಸ, ದುಡ್ಡು, ಸಂಸಾರ ಎಲ್ಲಕ್ಕೂ ಏಟು ಬೀಳುತ್ತಿದ್ದರೆ ಎಡಿಎಚ್‌ಡಿ, ಅಂದರೆ ಗಮನ ಕೊರತೆಯ ತೊಂದರೆ ಇರಬಹುದು.

"ಅದು ಮಕ್ಕಳ ಕಾಯಿಲೆ ಅಲ್ವಾ?" ಶುರುವಾಗುವುದು ಬಾಲ್ಯದಲ್ಲೇ. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಓಡಾಟ, ಚೇಷ್ಟೆ ಕಡಿಮೆಯಾಗಿ ಒಳಗಿನ ಚಡಪಡಿಕೆ, ಮರೆವು, ಮುಂದೂಡುವ ಅಭ್ಯಾಸ ಉಳಿದುಕೊಳ್ಳುತ್ತವೆ. ಇಷ್ಟವಾದ ಕೆಲಸಕ್ಕೆ ಕುಳಿತರೆ ಇವರಿಗೆ ಊಟದ ನೆನಪೂ ಇರುವುದಿಲ್ಲ. ಗಮನವನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ತಿರುಗಿಸುವುದೇ ಕಷ್ಟ. "ಕ್ರಿಕೆಟ್ ಸ್ಕೋರ್ ನೆನಪಿರುತ್ತೆ, ಗ್ಯಾಸ್ ಬುಕ್ ಮಾಡೋದು ಮರೆಯುತ್ತೆ" ಎಂದು ಮನೆಯವರು ರೇಗುವುದು ಇದಕ್ಕೇ.

ಊರು ಬಿಟ್ಟು ಬಂದ ನಮ್ಮಂಥವರ ಬಗ್ಗೆ ನನ್ನದೊಂದು ಮಾತಿದೆ. ಊರಿನಲ್ಲಿ ಅಮ್ಮ ಎಬ್ಬಿಸುತ್ತಿದ್ದರು, ಡಬ್ಬಿ ಕೈಗೆ ಕೊಡುತ್ತಿದ್ದರು, ಹೋಂವರ್ಕ್ ಕೇಳಲು ಮೇಷ್ಟ್ರಿದ್ದರು. ಜಾಣ ಮಗು ಹೇಗೋ ದಾಟಿಬಿಟ್ಟಿತು. ಪುಣೆಯ ಪಿಜಿಗೋ ಠಾಣೆಯ ಬಾಡಿಗೆ ಮನೆಗೋ ಬಂದ ಮೇಲೆ ಅಡುಗೆ, ಬಾಡಿಗೆ, ಟ್ಯಾಕ್ಸ್, ಆಫೀಸು ಎಲ್ಲ ಒಂದೇ ತಲೆಯ ಮೇಲೆ. ಆಗ ಊರಿನಿಂದ ಕೇಳಿಬರುವುದು "ಸಿಟಿಗೆ ಹೋಗಿ ಕೆಟ್ಟ" ಎಂಬ ಮಾತು. ಹುಡುಗ ಮೊದಲಿನಂತೆಯೇ ಇದ್ದಾನೆ, ಸುತ್ತಲಿದ್ದ ಆಸರೆ ಹೋಗಿದೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕ್ಲಾಸಿನಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕುಳಿತವಳನ್ನು ಯಾರೂ ಡಾಕ್ಟರ ಬಳಿ ಕರೆದೊಯ್ಯಲಿಲ್ಲ. ಈಗ ಹಾಲು ಉಕ್ಕಿದಾಗಲೆಲ್ಲ "ಜವಾಬ್ದಾರಿ ಇಲ್ಲ" ಎನಿಸಿಕೊಳ್ಳುತ್ತಾಳೆ.

ಹಾಗೆಂದು ರೀಲ್ಸ್ ನೋಡಿ ನೀವೇ ತೀರ್ಮಾನಿಸಬೇಡಿ. ನಿದ್ದೆಗೆಟ್ಟರೂ, ಥೈರಾಯ್ಡ್ ಏರುಪೇರಾದರೂ, ಖಿನ್ನತೆ, ಆತಂಕವಿದ್ದರೂ ಗಮನ ಹೀಗೇ ಚದುರುತ್ತದೆ. ಎಡಿಎಚ್‌ಡಿ ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಮನೋವೈದ್ಯರು ಕೂರಿಸಿ ಮಾತಾಡಿಸಬೇಕು. 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳಿದ್ದವೇ ಎಂದು ಕೇಳುತ್ತಾರೆ. ಹೋಗುವ ಮುನ್ನ ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿ. ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ಮೇಷ್ಟ್ರು ಬರೆದ ಷರಾ ಇದ್ದರೆ ಫೋಟೊ ತರಿಸಿಕೊಳ್ಳಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮಾತ್ರೆ ಎಂದರೆ ಹಲವರಿಗೆ ಹೆದರಿಕೆ. ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಔಷಧಿ. ಅದನ್ನು ಆನ್‌ಲೈನ್ ಕನ್ಸಲ್ಟೇಶನ್‌ನಲ್ಲಿ ಬರೆದುಕೊಡುವಂತಿಲ್ಲ, ಮೆಡಿಕಲ್ ಶಾಪಿನವರು ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಬೇಕು. ಕಾನೂನೇ ಹಾಗಿದೆ, ಬೇಜಾರಾಗಬೇಡಿ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಗೆಳೆಯನ ಮಾತ್ರೆಯನ್ನು ಪರೀಕ್ಷೆಗೆಂದು ನುಂಗುವುದಂತೂ ಬೇಡವೇ ಬೇಡ.

ಮಾತ್ರೆ ತೆಗೆದುಕೊಂಡರೂ ಮನೆಯಲ್ಲಿ ಕೆಲವು ಏರ್ಪಾಡು ಬೇಕು. ಕೀಲಿಗೆ ಬಾಗಿಲ ಪಕ್ಕ ಒಂದು ಮೊಳೆ, ಬಿಲ್ಲಿಗೆ ಆಟೊಪೇ, ಹೇಳಿದ್ದನ್ನು ಹೇಳಿದ ತಕ್ಷಣ ಬರೆದಿಡುವುದು. ಮನೆಯವರೇ, "ಎಷ್ಟು ಸಲ ಹೇಳಬೇಕು" ಎನ್ನುವ ಬದಲು ಒಮ್ಮೆ ಪಕ್ಕದಲ್ಲಿ ಕುಳಿತು ಸೊಪ್ಪು ಬಿಡಿಸಿ ನೋಡಿ. ಪಕ್ಕದಲ್ಲೊಬ್ಬರು ಇದ್ದರೆ ಸಾಕು, ಎಷ್ಟೋ ಜನರಿಗೆ ನಿಂತ ಕೆಲಸ ಶುರುವಾಗುತ್ತದೆ.

ಈ ಬರಹ ಫಾರ್ವರ್ಡ್ ಮಾಡುವಿರಾದರೆ ಒಂದು ವಿನಂತಿ. ಫ್ಯಾಮಿಲಿ ಗ್ರೂಪಿಗೆ ಹಾಕಿ "ಇದು ನಿನಗೇ ನೋಡು" ಎಂದು ಯಾರನ್ನೂ ಟ್ಯಾಗ್ ಮಾಡಬೇಡಿ. ಅವರೊಬ್ಬರಿಗೇ ಕಳುಹಿಸಿ.