ಕಂಪ್ಯೂಟರ್ ಬರುತ್ತೆ, ಕಲಿಸೋರು ಯಾರು? ರಾಜಗೋಪಾಲನಗರದ ಪೋಷಕರು ಕೇಳಬೇಕಾದ ಲೆಕ್ಕ

ರಾಜಗೋಪಾಲನಗರ: ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಕಂಪ್ಯೂಟರ್ ಚಿಂತನೆಯ ಪಾಠ ಶುರು ಮಾಡುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದಕ್ಕೆ ಗೊತ್ತುಮಾಡಿದ ಸಾಲು 2026-27. ಪಠ್ಯಕ್ರಮ ರೂಪಿಸಲು ಸಿಬಿಎಸ್‌ಇ ತಜ್ಞರ ಸಮಿತಿಯನ್ನೂ ಮಾಡಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗೆ ಹೋಗುವ ಕಾರ್ಮಿಕರ ಮಕ್ಕಳಿಗೆ ಇದರಿಂದ ಏನು ದಕ್ಕುತ್ತೆ?

ಹಳೇ ಯೋಜನೆಗಳ ಪಾಠ

ಕರ್ನಾಟಕಕ್ಕೆ ಶಾಲಾ ಕಂಪ್ಯೂಟರ್ ಹೊಸದಲ್ಲ. 2001ರ ಹೊತ್ತಿಗೆ ಶುರುವಾದ 'ಮಾಹಿತಿ ಸಿಂಧು' ಯೋಜನೆ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಕಲಿಸಿದವರು ಖಾಸಗಿ ಸಂಸ್ಥೆಗಳ ಬೋಧಕರು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಅದರಲ್ಲೂ ಕಂಪನಿಯೇ ಮೆಷಿನ್ ಹಾಕಿ, ಬೋಧಕರನ್ನು ಕೊಟ್ಟು, ಐದು ವರ್ಷವಾದ ಮೇಲೆ ಶಾಲೆಗೆ ಬಿಟ್ಟುಕೊಡುವ ಏರ್ಪಾಡು. ಈ ಏರ್ಪಾಡಿನ ತೊಂದರೆ ಇಷ್ಟೇ: ಗುತ್ತಿಗೆ ಮುಗಿದಾಗ ಬೋಧಕರು ಹೋಗುತ್ತಾರೆ, ಶಾಲೆಗೆ ಉಳಿಯುವುದು ಐದು ವರ್ಷ ಹಳೆಯ ಮೆಷಿನ್.

ಈ ಕೊರತೆ ತುಂಬಲು 2016-17ರಲ್ಲಿ ರಾಜ್ಯ ಸರ್ಕಾರ 'ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ' ತಂದು, ಶಾಲೆಯ ಕಾಯಂ ಶಿಕ್ಷಕರಿಗೇ ತರಬೇತಿ ಕೊಡಲು ಮುಂದಾಯಿತು. ದಾರಿ ಸರಿಯಾಗಿಯೇ ಇದೆ. ಗಣಿತ, ವಿಜ್ಞಾನದ ಮೇಷ್ಟ್ರೇ ಕಂಪ್ಯೂಟರ್ ಮುಟ್ಟಿದರೆ ಗುತ್ತಿಗೆ ಮುಗಿಯೋ ಭಯ ಇಲ್ಲ.

2024-25ರ ಯುಡೈಸ್ ಪ್ಲಸ್ ವರದಿ ಪ್ರಕಾರ ದೇಶದ ಶೇ 64.7ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇದೆ. ಅದರ ಹಿಂದಿನ ವರ್ಷ ಶೇ 57.2 ಇತ್ತು. ಒಂದು ಮಗು ವಾರಕ್ಕೆ ಎಷ್ಟು ಹೊತ್ತು ಕೀಬೋರ್ಡ್ ಮುಂದೆ ಕೂತಿತ್ತು ಅನ್ನೋದನ್ನ ಮಾತ್ರ ಈ ಅಂಕಿ ಹೇಳಲ್ಲ.

ಪೆಟ್ಟು ಬೀಳೋದು ಪಿಯುಸಿಯಲ್ಲಿ

ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಕಡ್ಡಾಯ ವಿಷಯವಲ್ಲ. ಪಿಯುಸಿಗೆ ಬಂದು ಪಿಸಿಎಂಸಿ ತಗೊಂಡರೆ ಒಮ್ಮೆಲೇ ಪೈಥಾನ್ ಎದುರಾಗುತ್ತೆ, ಅದೂ ಇಂಗ್ಲಿಷ್‌ನಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಪ್ರೋಗ್ರಾಂ ಬರೆಯೋದೂ ಹೊಸದು, ಭಾಷೆಯೂ ಹೊಸದು. 'ನಮ್ಮ ಮಗುಗೆ ತಲೆಗೆ ಹತ್ತಲ್ಲ' ಅಂತ ಮನೆಯವರು ಅಂದುಕೊಳ್ಳೋದು ಇಲ್ಲೇ. ಕೊರತೆ ಮಗುವಿನದಲ್ಲ, ಕೆಳಗಿನ ತರಗತಿಗಳಲ್ಲಿ ಮೆಟ್ಟಿಲೇ ಇಲ್ಲ.

ಪೀಣ್ಯಕ್ಕೆ ಗೊತ್ತಿರೋ ವಿದ್ಯೆ

ಪ್ರೋಗ್ರಾಂ ಅಂದರೆ ಐಟಿ ಕಂಪನಿಯವರ ಸೊತ್ತೇನಲ್ಲ. ಪೀಣ್ಯದ ಸಿಎನ್‌ಸಿ ಮೆಷಿನ್ ಓಡಿಸುವವರು ದಿನಾ ಬಳಸೋದೂ ಪ್ರೋಗ್ರಾಮೇ. ಜಿ00 ಅಂದರೆ ಟೂಲ್ ಬೇಗ ಜಾಗಕ್ಕೆ ಹೋಗಬೇಕು, ಜಿ01 ಅಂದರೆ ಕೊಟ್ಟ ವೇಗದಲ್ಲಿ ನೇರ ಕತ್ತರಿಸಬೇಕು, ಎಂ30 ಅಂದರೆ ಪ್ರೋಗ್ರಾಂ ಮುಗೀತು. ಒಂದು ಸಾಲು ಹಿಂದುಮುಂದಾದರೆ ಟೂಲ್ ಮುರಿಯುತ್ತೆ, ಜಾಬ್ ರಿಜೆಕ್ಟ್ ಆಗುತ್ತೆ. ಹೆಜ್ಜೆ ಹೆಜ್ಜೆಯಾಗಿ ಯೋಚಿಸುವ ಈ ಅಭ್ಯಾಸವನ್ನೇ ಶಾಲೆಯಲ್ಲಿ ಕಲಿಸಬೇಕಾಗಿರೋದು.

ಅಂಗಡಿಯವರಿಗೂ ಇದು ದೂರದ ಮಾತಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ಕ್ಯಾಶ್ ಮಾತ್ರ' ಬೋರ್ಡ್ ಬಿತ್ತು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಬಿಸ್ಕತ್ತಿಗೆ ಇದೆ. ಎರಡರ ವ್ಯಾಪಾರವನ್ನು ಬೇರೆ ಮಾಡಿ ತೋರಿಸೋಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಅಷ್ಟು ಕಲಿತ ಹೈಸ್ಕೂಲ್ ಹುಡುಗಿ ಮನೆಯ ಅಂಗಡಿಗೂ ಆಸರೆ.

ದುಡ್ಡಿಲ್ಲದ ದಾರಿಗಳು

ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಲಿಬ್ರೆ ಆಫೀಸ್, ಸಿ ಭಾಷೆಯಂಥ ಪಾಠಗಳು ಕನ್ನಡ ಧ್ವನಿಯಲ್ಲೇ ಉಚಿತವಾಗಿ ಸಿಗುತ್ತವೆ. ಒಂದೊಂದು ಸುಮಾರು ಹತ್ತು ನಿಮಿಷದ್ದು. ಡೌನ್‌ಲೋಡ್ ಮಾಡಿಟ್ಟರೆ ಇಂಟರ್‌ನೆಟ್ ಬೇಡ. ಅಮೆರಿಕದ ಎಂಐಟಿ 2007ರಲ್ಲಿ ಬಿಟ್ಟ 'ಸ್ಕ್ರ್ಯಾಚ್' ಕೂಡ ಉಚಿತ. ಅದರಲ್ಲಿ ಮಕ್ಕಳು ಬಣ್ಣದ ಬ್ಲಾಕ್ ಜೋಡಿಸಿಯೇ ಪ್ರೋಗ್ರಾಂ ಮಾಡಬಹುದು.

ಕರೆಂಟ್ ಹೋದರೂ ಪಾಠ ನಿಲ್ಲಬೇಕಿಲ್ಲ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ 'ಸಿಎಸ್ ಅನ್‌ಪ್ಲಗ್ಡ್' ವಿಧಾನಕ್ಕೆ ಕಂಪ್ಯೂಟರೇ ಬೇಡ. ಐದು ರಟ್ಟಿನ ಮೇಲೆ 16, 8, 4, 2, 1 ಚುಕ್ಕಿ ಹಾಕಿ, ಯಾವುದನ್ನು ತೋರಿಸಬೇಕು, ಯಾವುದನ್ನು ಮಗುಚಬೇಕು ಎಂದು ಆಡಿಸಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ಮಾಡಬಹುದು. ಕಂಪ್ಯೂಟರ್ ಲೆಕ್ಕ ಇಡೋದೂ ಹೀಗೇ.

ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ

ಲ್ಯಾಬ್ ಉದ್ಘಾಟನೆಗೆ ಚಪ್ಪಾಳೆ ತಟ್ಟುವ ಮುಂಚೆ ಪೋಷಕರು ಕೇಳಬೇಕಾದ್ದು ನಾಲ್ಕೇ ಮಾತು:

• ವಾರಕ್ಕೆ ಎಷ್ಟು ಪೀರಿಯಡ್, ಒಂದು ಮೆಷಿನ್‌ಗೆ ಎಷ್ಟು ಮಕ್ಕಳು?
• ಕಲಿಸೋರು ಕಾಯಂ ಶಿಕ್ಷಕರಾ, ಅವರಿಗೆ ತರಬೇತಿ ಆಗಿದೆಯಾ?
• ಕೆಟ್ಟರೆ ರಿಪೇರಿ ಮಾಡಿಸೋರು ಯಾರು, ದುಡ್ಡು ಎಲ್ಲಿಂದ?
• ಟೈಪಿಂಗ್ ಬಿಟ್ಟು ಮಗು ಸ್ವಂತವಾಗಿ ಏನು ಮಾಡಿದೆ?

ದಾನಿಗಳು, ಪೀಣ್ಯದ ಕಾರ್ಖಾನೆಯವರು ಹಳೇ ಕಂಪ್ಯೂಟರ್ ಕೊಡೋಕೆ ಮುಂದೆ ಬಂದರೂ ಇದೇ ನಾಲ್ಕು ಪ್ರಶ್ನೆ ಅನ್ವಯಿಸುತ್ತೆ. ಮೆಷಿನ್ ಜೊತೆಗೆ ವಾರಕ್ಕೆ ಎರಡು ಗಂಟೆ ಹೇಳಿಕೊಡುವ ಒಬ್ಬ ಸಿಎನ್‌ಸಿ ಪ್ರೋಗ್ರಾಮರ್‌ನನ್ನೂ ಕಳಿಸಿದರೆ, ಆ ಕೊಡುಗೆ ಮೂಲೆ ಸೇರದೆ ಮಕ್ಕಳ ಕೈಗೆ ಸಿಗುತ್ತೆ.