ವಿದೇಶಿ ಪ್ರವಾಸಿಗರ ನೆಚ್ಚಿನ ದೇಶ ಯಾವುದು? ಫ್ರಾನ್ಸ್ ಮುಂದೆ, ಸ್ಪೇನ್ ಬೆನ್ನ ಹಿಂದೆ, ಭಾರತ ಎಲ್ಲಿದೆ?

ಜಗತ್ತಿನಲ್ಲಿ ಅತಿ ಹೆಚ್ಚು ವಿದೇಶಿ ಪ್ರವಾಸಿಗರು ಹೋಗುವ ದೇಶ ಯಾವುದು ಎಂದು ಕೇಳಿದರೆ ಹೆಚ್ಚಿನವರು ಅಮೆರಿಕ ಎನ್ನುತ್ತಾರೆ. ಇತ್ತೀಚೆಗೆ ಫುಕೆಟ್‌ಗೆ ಹೋಗಿಬಂದವರು ಥಾಯ್ಲೆಂಡ್ ಎನ್ನಬಹುದು. ಎರಡೂ ತಪ್ಪು. ಹತ್ತಿರ ಹತ್ತಿರ ಮೂರು ದಶಕಗಳಿಂದ ಈ ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಫ್ರಾನ್ಸ್. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಸುಮಾರು 10 ಕೋಟಿ. ಆ ದೇಶದ ಜನಸಂಖ್ಯೆಯೇ 7 ಕೋಟಿ ಮುಟ್ಟಿಲ್ಲ.

ಆದರೆ ಫ್ರಾನ್ಸ್ ನಿರಾಳವಾಗಿ ಕೂರುವ ಸ್ಥಿತಿಯಲ್ಲಿಲ್ಲ. ಪಕ್ಕದ ಸ್ಪೇನ್ ಅದೇ ವರ್ಷ 9.38 ಕೋಟಿ ಪ್ರವಾಸಿಗರನ್ನು ಬರಮಾಡಿಕೊಂಡಿದೆ. ಕೋವಿಡ್‌ಗೆ ಮುಂಚೆ, 2019ರಲ್ಲಿ ಸ್ಪೇನ್‌ಗೆ ಬಂದವರು 8.35 ಕೋಟಿ. ಅಂದರೆ ಐದು ವರ್ಷದಲ್ಲಿ ಒಂದು ಕೋಟಿ ಜನ ಹೆಚ್ಚಾಗಿದ್ದಾರೆ, ಅದೂ ನಡುವೆ ಎರಡು ವರ್ಷ ವಿಮಾನಗಳೇ ಸರಿಯಾಗಿ ಹಾರದಿದ್ದರೂ! ಇದೇ ವೇಗದಲ್ಲಿ ಹೋದರೆ ಸ್ಪೇನ್ ಮೊದಲ ಸ್ಥಾನ ಕಸಿದುಕೊಳ್ಳುವ ದಿನ ದೂರವಿಲ್ಲ.

ಪ್ರವಾಸೋದ್ಯಮದ ಲೆಕ್ಕ ಇಡುವುದು ಯುಎನ್ ಟೂರಿಸಂ ಎಂಬ ವಿಶ್ವಸಂಸ್ಥೆಯ ಅಂಗಸಂಸ್ಥೆ. ಕಚೇರಿ ಇರುವುದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ. ಅದರ ಪ್ರಕಾರ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 146 ಕೋಟಿ ವಿದೇಶ ಪ್ರವಾಸಗಳು ನಡೆದಿದ್ದವು. 2020ರಲ್ಲಿ ಅದು 40 ಕೋಟಿಯ ಆಸುಪಾಸಿಗೆ ಕುಸಿಯಿತು. 2024ರ ಹೊತ್ತಿಗೆ ಮತ್ತೆ 140 ಕೋಟಿ. ಹೆಚ್ಚುಕಡಿಮೆ ಭಾರತದ ಇಡೀ ಜನಸಂಖ್ಯೆಯಷ್ಟು.

2023ರ ಪಟ್ಟಿಯಲ್ಲಿ ಫ್ರಾನ್ಸ್, ಸ್ಪೇನ್ ನಂತರ ಅಮೆರಿಕ 6.65 ಕೋಟಿ, ಇಟಲಿ 5.7 ಕೋಟಿ, ಟರ್ಕಿ 5.5 ಕೋಟಿ ಎಂದು ಕ್ರಮ ಇತ್ತು. ಆಮೇಲೆ ಮೆಕ್ಸಿಕೊ, ಬ್ರಿಟನ್, ಜರ್ಮನಿ, ಗ್ರೀಸ್, ಆಸ್ಟ್ರಿಯಾ. ಮೊದಲ ಹತ್ತರಲ್ಲಿ ಎರಡು ಬಿಟ್ಟರೆ ಉಳಿದವೆಲ್ಲ ಯುರೋಪಿನ ಕಡೆಯವೇ. ಟರ್ಕಿಯ ಒಂದು ಕಾಲು ಏಷ್ಯಾದಲ್ಲಿದೆ ಎಂಬುದು ಬೇರೆ ಮಾತು.

ಎಣಿಸುವ ರೀತಿಯಲ್ಲೇ ಇದೆ ಗುಟ್ಟು

ಯುರೋಪಿಗೆ ಇಷ್ಟೊಂದು ಜನ ಯಾಕೆ ಹೋಗುತ್ತಾರೆ? ಐಫೆಲ್ ಟವರ್, ಲೂವ್ರ್ ಮ್ಯೂಸಿಯಂ, ಸ್ಪೇನ್‌ನ ಸಮುದ್ರ ತೀರ ಎಲ್ಲ ಸರಿ. ಆದರೆ ಹೋಗುವವರು ಯಾರು ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2024ರಲ್ಲಿ ಸ್ಪೇನ್‌ಗೆ ಬಂದವರಲ್ಲಿ ಬ್ರಿಟಿಷರು 1.84 ಕೋಟಿ, ಫ್ರೆಂಚರು 1.29 ಕೋಟಿ, ಜರ್ಮನ್ನರು 1.19 ಕೋಟಿ. ಮೂರೇ ದೇಶದಿಂದ ಬಂದವರು ಅರ್ಧಕ್ಕೆ ಹತ್ತಿರ. ಎಲ್ಲರೂ ಅಕ್ಕಪಕ್ಕದ ಮನೆಯವರೇ.

ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿ. ಮುಂಬೈನಲ್ಲಿರುವ ಕನ್ನಡಿಗರ ಕುಟುಂಬವೊಂದು ಬೇಸಿಗೆ ರಜೆಗೆ ಮಂಗಳೂರಿಗೆ ಹೊರಡುತ್ತದೆ. ಕೊಂಕಣ ರೈಲಿನಲ್ಲಿ ಗೋವಾ ದಾಟಿ ಕರ್ನಾಟಕಕ್ಕೆ ಬರುವಷ್ಟರಲ್ಲಿ ಅದು ಕ್ರಮಿಸುವ ದೂರದಲ್ಲಿ ಯುರೋಪಿನಲ್ಲಾದರೆ ಎರಡು ಮೂರು ದೇಶ ಮುಗಿದಿರುತ್ತದೆ. ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟು ಸಮಯವೂ ಬೇಡ. ಅವರು ವಿದೇಶಿ ಪ್ರವಾಸಿಗರ ಲೆಕ್ಕಕ್ಕೆ ಸೇರುತ್ತಾರೆ, ಇವರು ಸೇರುವುದಿಲ್ಲ. 2023ರಲ್ಲಿ ಭಾರತದೊಳಗೆ ನಡೆದ ದೇಶೀಯ ಪ್ರವಾಸಗಳ ಸಂಖ್ಯೆ ಸುಮಾರು 250 ಕೋಟಿ ಎಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೇಳುತ್ತದೆ. ನಮ್ಮ ರಾಜ್ಯಗಳೆಲ್ಲ ಪ್ರತ್ಯೇಕ ದೇಶಗಳಾಗಿದ್ದರೆ ಈ ಪಟ್ಟಿಯ ಮುಖವೇ ಬೇರೆಯಾಗಿರುತ್ತಿತ್ತು.

ಫ್ರಾನ್ಸ್ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ನಿಯಮದ ಪ್ರಕಾರ ಬೇರೆ ದೇಶದಿಂದ ಬಂದು ಕನಿಷ್ಠ ಒಂದು ರಾತ್ರಿ ತಂಗಿದರೆ ಅವರು ಪ್ರವಾಸಿಗರು. ನೆದರ್ಲೆಂಡ್ಸ್‌ನ ಕುಟುಂಬ ಕಾರಿನಲ್ಲಿ ಸ್ಪೇನ್‌ಗೆ ಹೊರಟು, ದಾರಿಯಲ್ಲಿ ಫ್ರಾನ್ಸ್‌ನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಮಲಗಿ ಬೆಳಗ್ಗೆ ಎದ್ದು ಹೋದರೂ ಫ್ರಾನ್ಸ್‌ನ ಲೆಕ್ಕ ಏರುತ್ತದೆ. ವಾಪಸ್ ಬರುವಾಗ ಮತ್ತೆ ತಂಗಿದರೆ ಮತ್ತೆ ಏರುತ್ತದೆ. ಯಾಕೆಂದರೆ ಎಣಿಸುವುದು ತಲೆಗಳನ್ನಲ್ಲ, ಬಂದುಹೋದ ಸಲಗಳನ್ನು. ಉತ್ತರ ಯುರೋಪಿನಿಂದ ಬಿಸಿಲಿನ ಕಡೆಗೆ ಹೊರಟ ವಾಹನಗಳಿಗೆ ಫ್ರಾನ್ಸ್ ದಾಟದೆ ಬೇರೆ ದಾರಿ ಕಡಿಮೆ.

ಮಲೇಷ್ಯಾ ಇನ್ನೂ ಒಳ್ಳೆಯ ಉದಾಹರಣೆ. 2024ರಲ್ಲಿ ರಾತ್ರಿ ತಂಗಿದ ಪ್ರವಾಸಿಗರು 2.5 ಕೋಟಿ. ಬೆಳಗ್ಗೆ ಬಂದು ಸಂಜೆ ಹೋದವರನ್ನೂ ಸೇರಿಸಿದರೆ 3.8 ಕೋಟಿಗೆ ಹತ್ತಿರ. ಸಿಂಗಾಪುರದಿಂದ ಸೇತುವೆ ದಾಟಿ ಜೊಹೊರ್ ಬಾರುಗೆ ದಿನಸಿ ತರಲು, ಪೆಟ್ರೋಲ್ ಹಾಕಿಸಲು ಹೋಗುವವರೇ ಅಲ್ಲಿ ಧಾರಾಳ. ಆಗ್ನೇಯ ಏಷ್ಯಾದಲ್ಲಿ ಥಾಯ್ಲೆಂಡ್ ನಂಬರ್ ಒನ್ನಾ, ಮಲೇಷ್ಯಾವಾ ಎಂಬ ಸುದ್ದಿ ಆಗಾಗ ಬರುವುದು ಇದಕ್ಕೇ. 2024ರಲ್ಲಿ ಥಾಯ್ಲೆಂಡ್ ಕಂಡಿದ್ದು 3.55 ಕೋಟಿ. ಯಾವ ಅಂಕಿಯ ಪಕ್ಕ ಇಡುತ್ತೀರಿ ಎನ್ನುವುದರ ಮೇಲೆ ಗೆದ್ದವರು ಬದಲಾಗುತ್ತಾರೆ.

ಟರ್ಕಿ ಕೂಡ ಹೀಗೆಯೇ. 2024ರಲ್ಲಿ 6.2 ಕೋಟಿ ಜನ ಬಂದರು ಎಂದು ಆ ದೇಶ ಹೇಳಿಕೊಂಡಿತು. ಅದರಲ್ಲಿ ಅಪ್ಪಟ ವಿದೇಶಿಯರು 5.26 ಕೋಟಿ. ಉಳಿದವರು ಜರ್ಮನಿ ಮೊದಲಾದ ಕಡೆ ನೆಲೆಸಿರುವ, ರಜೆಗೆ ಊರಿಗೆ ಬಂದ ಟರ್ಕಿಯವರೇ.

ಜನ ಒಂದು ಕಡೆ, ದುಡ್ಡು ಇನ್ನೊಂದು ಕಡೆ

ಪ್ರವಾಸಿಗರಿಂದ ಬರುವ ಆದಾಯದ ಪಟ್ಟಿ ತೆಗೆದರೆ ಫ್ರಾನ್ಸ್ ಮೊದಲ ಸ್ಥಾನದಲ್ಲಿ ಕಾಣುವುದಿಲ್ಲ. 2024ರಲ್ಲಿ ಅಮೆರಿಕ ಗಳಿಸಿದ್ದು ಸುಮಾರು 21,500 ಕೋಟಿ ಡಾಲರ್. ಸ್ಪೇನ್ 10,600 ಕೋಟಿ ಡಾಲರ್, ಫ್ರಾನ್ಸ್ 7,700 ಕೋಟಿ ಡಾಲರ್. ಆ ವರ್ಷ ಅಮೆರಿಕಕ್ಕೆ ಬಂದವರು 7.2 ಕೋಟಿ. ಭಾಗಿಸಿ ನೋಡಿದರೆ ಅಮೆರಿಕಕ್ಕೆ ತಲಾ 3,000 ಡಾಲರ್ ಹತ್ತಿರ ಸಿಕ್ಕಿದೆ, ಸ್ಪೇನ್‌ಗೆ 1,100ರಷ್ಟು, ಫ್ರಾನ್ಸ್‌ಗೆ 800 ಡಾಲರ್ ಕೂಡ ಇಲ್ಲ. ಒಂದು ರಾತ್ರಿ ಮಲಗಿ ಎದ್ದು ಹೋಗುವವರು ಎಷ್ಟು ತಾನೇ ಖರ್ಚು ಮಾಡಿಯಾರು?

ಅಮೆರಿಕಕ್ಕೆ ಅಷ್ಟು ದೂರ ಹೋದವರು ಎರಡು ಮೂರು ವಾರವಾದರೂ ಇರುತ್ತಾರೆ. ಜೊತೆಗೆ ಅಲ್ಲಿ ಓದಲು ಹೋದ ವಿದೇಶಿ ವಿದ್ಯಾರ್ಥಿಗಳ ಖರ್ಚು ಕೂಡ ಈ ಲೆಕ್ಕದಲ್ಲಿ ಸೇರುತ್ತದೆ. ಹೈದರಾಬಾದ್, ಪುಣೆಯಲ್ಲಿ ಸಾಲ ಮಾಡಿ ಮಗನನ್ನು ಎಂಎಸ್ ಓದಲು ಕಳಿಸಿದ ತಂದೆತಾಯಿಯ ದುಡ್ಡೂ ಅಲ್ಲಿ ಪ್ರವಾಸದ ಆದಾಯವೇ.

ಆದರೆ ಆ ದೇಶದ ಗಾಳಿ ಈಗ ಬದಲಾಗಿದೆ. ಸುಂಕದ ಜಗಳ ಮತ್ತು ಕೆನಡಾವನ್ನು 51ನೇ ರಾಜ್ಯ ಮಾಡುವ ಟ್ರಂಪ್ ಮಾತಿನ ನಂತರ 2025ರಲ್ಲಿ ಕೆನಡಾದವರು ಗಡಿ ದಾಟುವುದನ್ನೇ ಕಡಿಮೆ ಮಾಡಿದರು. ತಾನು ವಿಶ್ಲೇಷಿಸಿದ 184 ದೇಶಗಳ ಪೈಕಿ ಆ ವರ್ಷ ವಿದೇಶಿ ಪ್ರವಾಸಿಗರ ಖರ್ಚು ಇಳಿಯುವುದು ಅಮೆರಿಕದಲ್ಲಿ ಮಾತ್ರ ಎಂದು ವಿಶ್ವ ಪ್ರಯಾಣ ಮತ್ತು ಪ್ರವಾಸೋದ್ಯಮ ಮಂಡಳಿ 2025ರ ಮೇ ತಿಂಗಳಲ್ಲಿ ಅಂದಾಜು ಮಾಡಿತ್ತು.

ಬಂದವರು ಸಾಕು ಎನ್ನುವ ಊರುಗಳು

ಪ್ರವಾಸಿಗರು ಹೆಚ್ಚಾದರೆ ಖುಷಿಪಡಬೇಕಲ್ಲವೇ? ಬಾರ್ಸಿಲೋನಾದವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. 2024ರ ಜುಲೈನಲ್ಲಿ ಅಲ್ಲಿ ಸಾವಿರಾರು ಜನ ಬೀದಿಗಿಳಿದರು. ಹೋಟೆಲುಗಳ ಮುಂದೆ ಊಟಕ್ಕೆ ಕುಳಿತಿದ್ದ ಪ್ರವಾಸಿಗರ ಮೇಲೆ ಕೆಲವರು ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ ದೃಶ್ಯಗಳು ಜಗತ್ತಿನಾದ್ಯಂತ ಹರಿದಾಡಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾನರಿ ದ್ವೀಪಗಳಲ್ಲೂ ದೊಡ್ಡ ಪ್ರತಿಭಟನೆ ನಡೆದಿತ್ತು.

ಸಿಟ್ಟಿಗೆ ಕಾರಣ ಬಾಡಿಗೆ. ತಿಂಗಳ ಬಾಡಿಗೆಗೆ ಕೊಡುವ ಬದಲು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಮಾಲೀಕನಿಗೆ ಹೆಚ್ಚು ಲಾಭ. ಹೀಗಾಗಿ ಊರಿನವರಿಗೆ ಮನೆ ಸಿಗುವುದಿಲ್ಲ, ಸಿಕ್ಕರೂ ಕೈಗೆಟುಕುವುದಿಲ್ಲ. ಬಾರ್ಸಿಲೋನಾದಲ್ಲಿ ಹತ್ತು ವರ್ಷದಲ್ಲಿ ಬಾಡಿಗೆ ಶೇ 68ರಷ್ಟು ಏರಿದೆ ಎಂದು ಮೇಯರ್ ಜೌಮೆ ಕೊಲ್ಬೋನಿ ಅವರೇ ಹೇಳಿದ್ದಾರೆ. ಪ್ರವಾಸಿಗರಿಗೆಂದು ಪರವಾನಗಿ ಪಡೆದಿರುವ ಹತ್ತು ಸಾವಿರಕ್ಕೂ ಹೆಚ್ಚು ಫ್ಲ್ಯಾಟ್‌ಗಳ ಲೈಸೆನ್ಸ್ ಅನ್ನು 2028ರ ನವೆಂಬರ್ ಬಳಿಕ ನವೀಕರಿಸುವುದಿಲ್ಲ ಎಂದು ಅವರು ಘೋಷಿಸಿದ್ದಾರೆ. ಇಟಲಿಯ ವೆನಿಸ್ 2024ರ ಏಪ್ರಿಲ್‌ನಿಂದ ಆಯ್ದ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ಬರುವವರಿಂದ 5 ಯುರೋ ಪ್ರವೇಶ ಶುಲ್ಕ ವಸೂಲಿ ಶುರುಮಾಡಿತು. ಇಷ್ಟು ಕಡಿಮೆ ಶುಲ್ಕಕ್ಕೆ ಹೆದರಿ ವೆನಿಸ್ ಬಿಟ್ಟವರು ಇದ್ದಾರು ಎಂದು ನಂಬುವುದು ಕಷ್ಟ.

ಚೆನ್ನೈ ಓದುಗರಿಗೆ ಇದು ಹೊಸದೇನಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ಅಲ್ಲಿ ವಿದೇಶಿಯರ ಕಾಟವಿಲ್ಲ, ನಮ್ಮವರದ್ದೇ.

ಭಾರತ ಬಹಿಷ್ಕರಿಸಿದರೆ ಏನಾಗುತ್ತದೆ?

2024ರ ಜನವರಿಯಲ್ಲಿ ಪ್ರಧಾನಿ ಮೋದಿ ಅವರ ಲಕ್ಷದ್ವೀಪ ಭೇಟಿಯ ಬಗ್ಗೆ ಮಾಲ್ಡೀವ್ಸ್‌ನ ಕೆಲವು ಸಚಿವರು ಹಗುರವಾಗಿ ಮಾತನಾಡಿದಾಗ ಬಹಿಷ್ಕಾರದ ಕರೆ ಎದ್ದಿತು. 2023ರಲ್ಲಿ 2 ಲಕ್ಷ ದಾಟಿದ್ದ ಭಾರತೀಯರ ಸಂಖ್ಯೆ 2024ರಲ್ಲಿ 1.3 ಲಕ್ಷಕ್ಕೆ ಇಳಿಯಿತು. ಭಾರತ ಮೊದಲ ಸ್ಥಾನ ಕಳೆದುಕೊಂಡು ಚೀನಾ ಮೇಲೇರಿತು. ಆದರೂ ಮಾಲ್ಡೀವ್ಸ್‌ಗೆ ಒಟ್ಟು ಬಂದವರು ಅದೇ ವರ್ಷ 20 ಲಕ್ಷ ದಾಟಿದರು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂದೂರದ ನಂತರ, ಪಾಕಿಸ್ತಾನದ ಪರ ನಿಂತ ಟರ್ಕಿಯ ಬುಕಿಂಗ್‌ಗಳನ್ನು ಭಾರತೀಯರು ರದ್ದು ಮಾಡಿದರು. ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ಭಾರತೀಯರು ಸುಮಾರು 3.3 ಲಕ್ಷ, ಐದು ಕೋಟಿಗೂ ಹೆಚ್ಚು ವಿದೇಶಿಯರ ನಡುವೆ. ಮದುವೆಗೆ ಬರುವ ಶ್ರೀಮಂತರನ್ನು ನಂಬಿದ್ದ ಹೋಟೆಲುಗಳಿಗೆ ಪೆಟ್ಟು ಬಿದ್ದಿರಬಹುದು, ದೇಶದ ಒಟ್ಟು ಲೆಕ್ಕ ಅಲುಗುವಷ್ಟಲ್ಲ.

ಆದರೆ ಥಾಯ್ಲೆಂಡ್‌ನಲ್ಲಿ ಮಾತು ಬೇರೆ. 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಬೇಡ ಎಂದ ಮೇಲೆ 2024ರಲ್ಲಿ 21 ಲಕ್ಷ ಭಾರತೀಯರು ಅಲ್ಲಿಗೆ ಹೋದರು. ಚೀನಾ, ಮಲೇಷ್ಯಾ ಬಿಟ್ಟರೆ ನಮ್ಮವರೇ ಹೆಚ್ಚು. ಯುರೋಪ್ ಮಾತ್ರ ಬಾಗಿಲು ಅರ್ಧವೇ ತೆರೆಯುತ್ತದೆ. 2024ರಲ್ಲಿ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿದ 11 ಲಕ್ಷ ಭಾರತೀಯರ ಪೈಕಿ ಸುಮಾರು 1.65 ಲಕ್ಷ ಮಂದಿಗೆ ನಿರಾಕರಣೆ ಸಿಕ್ಕಿತು. ವೀಸಾ ಕೊಡದಿದ್ದರೂ 90 ಯುರೋ ಶುಲ್ಕ ವಾಪಸ್ ಬರುವುದಿಲ್ಲ. ಪ್ಯಾರಿಸ್ ತಲುಪಿದರೂ, ಲೂವ್ರ್ ಮ್ಯೂಸಿಯಂ 2026ರ ಜನವರಿಯಿಂದ ಯುರೋಪಿನ ಹೊರಗಿನವರಿಗೆ ಟಿಕೆಟ್ ದರವನ್ನು 22 ಯುರೋದಿಂದ 32ಕ್ಕೆ ಏರಿಸಿದೆ. ನಮ್ಮವರು ಬೇಸರಪಟ್ಟುಕೊಳ್ಳುವಂತಿಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಎಂಬ ನಿಯಮ ನಮ್ಮಲ್ಲಿ ಹಿಂದಿನಿಂದಲೂ ಇದೆ.

ಒಂದು ಕೋಟಿಯ ಗೆರೆ

ಇಷ್ಟೆಲ್ಲದರ ನಡುವೆ ಭಾರತ ಎಲ್ಲಿದೆ? ಭಾರತಕ್ಕೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆ 2019ರಲ್ಲಿ 1.09 ಕೋಟಿ ಇತ್ತು. 2024ರಲ್ಲೂ ಅದು ಒಂದು ಕೋಟಿಯ ಕೆಳಗೇ ಉಳಿಯಿತು. ಜಗತ್ತು ಚೇತರಿಸಿಕೊಂಡಿತು, ಭಾರತ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಸರ್ಕಾರ ಹೇಳುವ 2 ಕೋಟಿಯ ಲೆಕ್ಕ ಬೇರೆ. ಅದರಲ್ಲಿ ಮನೆಯವರನ್ನು ನೋಡಲು, ಮದುವೆಗೆಂದು ಬರುವ ಅನಿವಾಸಿ ಭಾರತೀಯರೂ ಸೇರಿದ್ದಾರೆ, ಟರ್ಕಿ ಮಾಡಿದ ಹಾಗೆಯೇ. 2024ರಲ್ಲಿ ಬಂದ ವಿದೇಶಿಯರಲ್ಲಿ ಮೊದಲೆರಡು ಸ್ಥಾನ ಅಮೆರಿಕ ಮತ್ತು ಬಾಂಗ್ಲಾದೇಶದ್ದಾಗಿತ್ತು. ಬಾಂಗ್ಲಾದವರಲ್ಲಿ ಚಿಕಿತ್ಸೆಗೆಂದು ಕೋಲ್ಕತ್ತಾ, ಚೆನ್ನೈ, ವೆಲ್ಲೂರಿಗೆ ಬರುವವರು ಗಣನೀಯ. 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಪದಚ್ಯುತಿಯ ಬಳಿಕ ಅವರಿಗೆ ವೀಸಾ ಸಿಗುವುದೇ ಕಷ್ಟವಾಯಿತು.

ಇನ್ನೊಂದು ಕಡೆ, ಅದೇ 2024ರಲ್ಲಿ 3 ಕೋಟಿಗೂ ಹೆಚ್ಚು ಭಾರತೀಯರು ವಿದೇಶಕ್ಕೆ ಹೋಗಿದ್ದಾರೆ, ಕೆಲಸಕ್ಕೆ ಹೋದವರೂ ಸೇರಿ. ಅಂದರೆ ಒಬ್ಬ ವಿದೇಶಿ ಬಂದರೆ ಮೂವರು ಭಾರತೀಯರು ಹೊರಗೆ ಹೋಗುತ್ತಾರೆ. ಜಪಾನ್ ಒಂದೇ 2024ರಲ್ಲಿ 3.68 ಕೋಟಿ ವಿದೇಶಿಯರನ್ನು ಬರಮಾಡಿಕೊಂಡಿತು.

ಕಾರಣ ದೂರ ಒಂದೇ ಅಲ್ಲ. ಹಂಪಿಯನ್ನೇ ತೆಗೆದುಕೊಳ್ಳಿ. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಪ್ಯಾರಿಸ್‌ನಲ್ಲಿ ಇಳಿದವರು ಅದೇ ಸಂಜೆ ಐಫೆಲ್ ಟವರ್ ಕೆಳಗೆ ನಿಂತಿರಬಹುದು. ಬೆಂಗಳೂರಿನಲ್ಲಿ ಇಳಿದ ವಿದೇಶಿ, ಹಂಪಿ ನೋಡಲು ಹೊಸಪೇಟೆಯ ರಾತ್ರಿ ರೈಲು ಹಿಡಿಯಬೇಕು ಅಥವಾ ಆರು ಗಂಟೆಗೂ ಹೆಚ್ಚು ಕಾರಿನಲ್ಲಿ ಕೂರಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳೂ ಪಟ್ಟಿ ಸೇರಿದವು. ಅವುಗಳಿಗೂ ಹತ್ತಿರದಲ್ಲಿ ದೊಡ್ಡ ವಿಮಾನ ನಿಲ್ದಾಣವಿಲ್ಲ.

ರಸ್ತೆ, ರೈಲಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಭಯ. 2025ರ ಆರಂಭದಲ್ಲಿ ಚೀನಾದ ನಟನೊಬ್ಬನನ್ನು ಥಾಯ್ಲೆಂಡ್ ಗಡಿಯಿಂದ ಮ್ಯಾನ್ಮಾರ್‌ಗೆ ಅಪಹರಿಸಿದ ಸುದ್ದಿ ಹರಡಿದ್ದೇ ತಡ, ಚೀನಾದವರು ಥಾಯ್ಲೆಂಡ್ ಟಿಕೆಟ್ ರದ್ದು ಮಾಡತೊಡಗಿದರು. ಅದೇ ವರ್ಷದ ಮಾರ್ಚ್ 6ರ ರಾತ್ರಿ ಹಂಪಿಗೆ ಸಮೀಪದ ಸಣಾಪುರ ಕೆರೆಯ ಬಳಿ, ನಕ್ಷತ್ರ ನೋಡುತ್ತ ಕುಳಿತಿದ್ದ ಇಸ್ರೇಲಿ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಪುರುಷರನ್ನು ಕಾಲುವೆಗೆ ತಳ್ಳಲಾಯಿತು, ಒಡಿಶಾದ ಯುವಕ ಬದುಕಿ ಬರಲಿಲ್ಲ. ಇಸ್ರೇಲ್‌ನಿಂದ ಲಂಡನ್ ತನಕ ಪತ್ರಿಕೆಗಳಲ್ಲಿ ಹಂಪಿಯ ಹೆಸರು ಬಂದಿದ್ದು ಆ ವಾರ, ಆ ಕಾರಣಕ್ಕೆ.