ಹದಿಹರೆಯದ ಮನೆಯಲ್ಲಿ ಐದು ವರ್ಷ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ರಾಜ್ಯದ ಹೈಸ್ಕೂಲು, ಪಿಯು ಮಕ್ಕಳೆಲ್ಲ ಇಡೀ ದಿನ ಅಪ್ಪ–ಅಮ್ಮನ ಕಣ್ಣೆದುರಿಗೆ ಬಂದು ಕೂತರು. ಅಂಗನವಾಡಿಗೆ ಹೋಗತೊಡಗಿದ ಮೇಲೆ ಅಷ್ಟು ದಿನ ಅವರು ಮನೆಯಲ್ಲಿ ಉಳಿದದ್ದೇ ಇಲ್ಲ. ಅಲ್ಲಿಂದೀಚಿನ ಐದು ವರ್ಷಗಳನ್ನು ತಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮಕ್ಕಳು ಏನು ಓದಬೇಕು, ಎಲ್ಲಿ ಓದಬೇಕು, ಏನಾಗಬೇಕು ಎಂಬುದರ ಮೇಲೆ ಹೆತ್ತವರ ಹಿಡಿತ ಬಿಗಿಯಾಗುತ್ತ ಬಂತು. ಮಗನೋ ಮಗಳೋ ನಿನ್ನೆ ಎಷ್ಟು ಹೊತ್ತಿಗೆ ಮಲಗಿದರು, ಊಟ ಸೇರಿತೇ, ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದರ ಮೇಲಿನ ಗಮನ ಮಾತ್ರ ಅಷ್ಟೇ ಸಡಿಲವಾಯಿತು.

ಪರೀಕ್ಷೆಯ ನಿಯಮಗಳಂತೂ ಯಾರ ಕೈಗೂ ಸಿಗದಂತೆ ಓಡಿದವು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿ ಎರಡೇ ದಿನದಲ್ಲಿ, ಬಹುಆಯ್ಕೆ ಪ್ರಶ್ನೆಗಳಲ್ಲಿ ಮುಗಿಯಿತು. 2024ಕ್ಕೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು, ಕೊಠಡಿಗಳಿಗೆ ಕ್ಯಾಮೆರಾ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. 2025ರ ಅಕ್ಟೋಬರ್‌ನಲ್ಲಿ ಪಾಸಾಗಲು ಬೇಕಾದ ಅಂಕವನ್ನು ಶೇ 35ರಿಂದ 33ಕ್ಕೆ ತಂದರು. ಇಲಾಖೆ ಏನನ್ನು ಬೇಕಾದರೂ ಇಳಿಸಬಹುದು. ಮದುವೆಮನೆಯ ಪಂಕ್ತಿಯಲ್ಲಿ ಕೂತ ನೆಂಟರು ಕೇಳುವ ‘ಎಷ್ಟು ಬಂತು?’ ಎಂಬ ಪ್ರಶ್ನೆಗೆ ಅದರ ಸುತ್ತೋಲೆ ಅನ್ವಯಿಸುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಹೊಂದಿಸುವುದಕ್ಕೇ ಎಷ್ಟೋ ಮನೆಗಳ ದುಡಿಮೆ ಹೋಗುತ್ತಿದೆ. ಬೀದರ್, ಕಲಬುರಗಿ ಕಡೆಯ ಹದಿನಾರರ ಮಕ್ಕಳು ಕರಾವಳಿಯ ವಸತಿ ಕಾಲೇಜುಗಳಲ್ಲಿ ನೀಟ್, ಸಿಇಟಿಗೆ ಕೂತಿದ್ದಾರೆ. ಸಾಲ ಮಾಡಿ ಕಳಿಸಿದ ಅಪ್ಪನನ್ನು ಹಂಗಿಸುವುದು ಸುಲಭ, ಆದರೆ ನ್ಯಾಯವಲ್ಲ; ತನ್ನ ಊರಿನಲ್ಲಿ ಒಳ್ಳೆಯ ವಿಜ್ಞಾನ ಕಾಲೇಜಿದ್ದರೆ ಅವನು ಯಾಕೆ ಕಳಿಸುತ್ತಿದ್ದ? ಹದಿನಾರು ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಎಂಟನೇ ತರಗತಿಯಿಂದಲೇ ‘ಫೌಂಡೇಷನ್’ ಎನ್ನುವ ಜಾಹೀರಾತುಗಳು ಮಾತ್ರ ಇಳಿದಿಲ್ಲ. ಕೊಳ್ಳುವ ಅಪ್ಪ–ಅಮ್ಮ ಇರುವವರೆಗೆ ಮಾರುವವರೂ ಇರುತ್ತಾರೆ.

ಇಷ್ಟೆಲ್ಲದರ ನಡುವೆ ಮಕ್ಕಳು ಎಲ್ಲಿ ಮುರಿಯುತ್ತಿದ್ದಾರೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2021ರಲ್ಲಿ ದೇಶದಲ್ಲಿ ಹದಿನೆಂಟು ತುಂಬದ 10,732 ಮಕ್ಕಳು ಆತ್ಮಹತ್ಯೆಯಿಂದ ತೀರಿಕೊಂಡರು. ಪರೀಕ್ಷೆಯಲ್ಲಿ ಫೇಲಾದದ್ದು ಕಾರಣ ಎಂದು ದಾಖಲಾದವು 864. ಕೌಟುಂಬಿಕ ಸಮಸ್ಯೆ ಎಂದು ಬರೆದವು 3,233. ಪೊಲೀಸರು ಬರೆದುಕೊಳ್ಳುವ ಕಾರಣ ಒಂದೇ ಸಾಲಿನದು, ಜೀವನ ಅಷ್ಟು ಸರಳವಲ್ಲ. ಕೌಟುಂಬಿಕ ಸಮಸ್ಯೆ ಎಂದರೆ ಹೆತ್ತವರದೇ ತಪ್ಪು ಎಂದೂ ಅಲ್ಲ. ಆದರೂ ಫಲಿತಾಂಶದ ವಾರದಲ್ಲಿ ಮಾತ್ರ ಮಕ್ಕಳ ಬಗ್ಗೆ ಹೆದರಿಕೊಂಡು, ಉಳಿದ ಐವತ್ತೊಂದು ವಾರ ಮನೆಯೊಳಗಿನ ಗಾಳಿಯನ್ನು ಗಮನಿಸದೆ ಇರುವ ನಮ್ಮ ಅಭ್ಯಾಸವನ್ನು ಈ ಅಂಕಿಗಳು ಪ್ರಶ್ನಿಸುತ್ತವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ–ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ತೋಚದ ತಂದೆ–ತಾಯಿಯೂ ಅದಕ್ಕೆ ಕರೆಮಾಡಬಹುದು.

ನಿದ್ದೆಯ ವಿಚಾರವನ್ನೇ ನೋಡಿ. ಹದಿಹರೆಯದಲ್ಲಿ ದೇಹದ ಗಡಿಯಾರ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ನಿದ್ದೆ ಬರುವುದೇ ತಡ. ವೈದ್ಯರು ಹೇಳುವುದು ದಿನಕ್ಕೆ ಎಂಟರಿಂದ ಹತ್ತು ಗಂಟೆಯ ನಿದ್ದೆ. ರಾತ್ರಿ ಹನ್ನೊಂದರವರೆಗೆ ಟ್ಯೂಷನ್ನಿನ ಹೋಂವರ್ಕು, ಬೆಳಿಗ್ಗೆ ನಾಲ್ಕಕ್ಕೆ ‘ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತೆ, ಏಳು’ ಎನ್ನುವ ಅಮ್ಮ. ಒಂಬತ್ತಕ್ಕೆ ಮಲಗುತ್ತಿದ್ದ ಅಜ್ಜನ ಕಾಲದ ನಿಯಮದಲ್ಲಿ ಅರ್ಧವನ್ನಷ್ಟೇ ಉಳಿಸಿಕೊಂಡಿದ್ದೇವೆ. ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ ಎನ್ನುವ ವಾದವೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹತ್ತರೊಳಗೆ ಮಲಗಬೇಕೆಂದು ಹೆತ್ತವರು ಹೇಳಿದ್ದ ಮಕ್ಕಳಿಗಿಂತ ನಡುರಾತ್ರಿಯವರೆಗೆ ಎಚ್ಚರವಿರಲು ಬಿಟ್ಟ ಮನೆಯ ಮಕ್ಕಳಲ್ಲಿ ಖಿನ್ನತೆಯ ಸಾಧ್ಯತೆ ಶೇ 24ರಷ್ಟು ಹೆಚ್ಚಿತ್ತು. ಅಂದರೆ ಹೆತ್ತವರ ಮಾತು ಬೇಕೇ ಬೇಕು. ನಾವು ಅದನ್ನು ಎಬ್ಬಿಸುವುದಕ್ಕೆ ಬಳಸುತ್ತೇವೆ, ಮಲಗಿಸುವುದಕ್ಕಲ್ಲ. ಫೋನ್ ವಿಷಯದಲ್ಲೂ ಅಷ್ಟೆ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ನಾವೇ ಕೊಡಿಸಿದ್ದನ್ನು ಈಗ ಬೈಯುತ್ತಿದ್ದೇವೆ, ರಾತ್ರಿ ಹಾಸಿಗೆಯಲ್ಲಿ ನಮ್ಮ ಕೈಯಲ್ಲೂ ಅದೇ ಇದೆ.

ಈ ಐದು ವರ್ಷದಲ್ಲಿ ಮೆಚ್ಚುವಂಥದ್ದು ಏನೂ ಆಗಲಿಲ್ಲವೇ? ಆಯಿತು. 2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ಒಂದು ಮನೆಯವರು ಎಸ್ಸೆಸ್ಸೆಲ್ಸಿಯ ಆರೂ ವಿಷಯಗಳಲ್ಲಿ ಫೇಲಾದ ಮಗನಿಗೆ ಕೇಕ್ ಕತ್ತರಿಸಿ ಧೈರ್ಯ ಹೇಳಿದ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ಫೇಲಾದರೂ ಸಂಭ್ರಮವೇ ಎಂದು ಮೂಗು ಮುರಿದವರೂ ಇದ್ದರು. ಅವರ ಮಾತಿನಲ್ಲಿ ನಮಗೆ ಹುರುಳು ಕಾಣುವುದಿಲ್ಲ. ಮತ್ತೆ ಬರೆದರಾಯಿತು ಎನ್ನುವ ಮಾತು ಮನೆಯೊಳಗಿಂದ ಬಾರದೆ ಹೋದರೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಡುವ ಪದ್ಧತಿಗೆ ಅರ್ಥವೇ ಇಲ್ಲ.

ಹೆಣ್ಣುಮಕ್ಕಳಿಗೆ ಆ ಮಾತು ಇನ್ನೂ ದುಬಾರಿ. ಗ್ರಾಮೀಣ ಭಾರತದ ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನವರ ಕುರಿತ 2023ರ ‘ಅಸರ್’ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಶೇ 19.8 ಮಂದಿಗಷ್ಟೇ ಇತ್ತು. ದಿನವೂ ಮನೆಗೆಲಸ ಮಾಡುವವರಲ್ಲಿ ಲೆಕ್ಕ ತಿರುಗುಮುರುಗು. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು 2015–16ರ ಸಮೀಕ್ಷೆಯಲ್ಲಿ ಶೇ 21.4, 2019–21ರಲ್ಲಿ ಶೇ 21.3. ಇಷ್ಟು ಹೊತ್ತು ಹೇಳಿದ ಯಾವ ಅಂಕಿಯೂ ಇಷ್ಟು ಕದಲದೆ ನಿಂತಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಮದುವೆಯ ಕಾಲದಲ್ಲೇ. 2024ರಲ್ಲಿ ಮೇ 9ಕ್ಕೆ ಫಲಿತಾಂಶ, ಮರುದಿನ ಅಕ್ಷಯ ತೃತೀಯ. ಫೇಲಾದ ಹುಡುಗನಿಗೆ ಅದು ಒಂದು ಬೇಸಿಗೆಯ ಬೈಗುಳ. ಎಷ್ಟೋ ಹುಡುಗಿಯರಿಗೆ ಓದಿನ ಕೊನೆ. ಪರೀಕ್ಷೆ–2 ಕೆಲವೇ ವಾರಗಳಲ್ಲಿ ಇರುತ್ತದೆ; ಅದಕ್ಕೆ ಹೆಸರು ಕೊಡಲು ಅವಳನ್ನು ಶಾಲೆಗೆ ಕಳಿಸಬೇಕಾದವರು ಅಪ್ಪ–ಅಮ್ಮ. ಪ್ರತಿ ಮೇ ತಿಂಗಳಲ್ಲಿ ಯಾವ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತು ಎಂದು ಪರೀಕ್ಷಾ ಮಂಡಳಿ ಪಟ್ಟಿ ಹಾಕುತ್ತದೆ, ಪತ್ರಿಕೆಗಳಾದ ನಾವೂ ಅದನ್ನೇ ಮುಖಪುಟಕ್ಕೆ ಏರಿಸುತ್ತೇವೆ. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಎರಡನೆಯದಕ್ಕೆ ಬಾರದೇ ಹೋದ ಹುಡುಗಿಯರು ಯಾವ ತಾಲ್ಲೂಕಿನಲ್ಲಿ ಎಷ್ಟು ಮಂದಿ, ಅವರ ಹೆತ್ತವರನ್ನು ಶಾಲೆಯವರು ಯಾರಾದರೂ ಹೋಗಿ ಮಾತಾಡಿಸಿದರೇ ಎಂಬ ಪಟ್ಟಿಯನ್ನೂ ಮುಂದಿನ ಮೇ ತಿಂಗಳಿಂದ ಮಂಡಳಿ ಪ್ರಕಟಿಸಲಿ.